ಹುಲಿಯ ಸತ್ತ ದಿನ, ರೈಲಿನಲ್ಲಿ

ಮೊನ್ನೆ ಜುಲೈನಲ್ಲಿ ಒಂದು ಬೆಳಿಗ್ಗೆ, ಮಂಡ್ಯದಿಂದ ಬೆಂಗಳೂರಿಗೆ ಹೋಗುವ ರೈಲಿನಲ್ಲಿ, ಮದ್ದೂರು ದಾಟಿದ ಮೇಲೆ ನಾನು ಅತ್ತುಬಿಟ್ಟೆ. ಗೋಳೋ ಅಂತಲ್ಲ. ಕನ್ನಡಕ ತೆಗೆದು ಒರೆಸಿಕೊಳ್ಳುವಷ್ಟು. ಎದುರು ಸೀಟಿನಲ್ಲಿ ಸೊಪ್ಪಿನ ಮೂಟೆ ಕಾಲ ಹತ್ತಿರ ಇಟ್ಟುಕೊಂಡು ಕೂತಿದ್ದ ಅಜ್ಜಿ ನೋಡಿಬಿಟ್ಟರು.

"ಯಾಕಪ್ಪ, ಮನೇಲಿ ಏನಾರ ಕೆಟ್ ಸುದ್ದಿನಾ?"

"ಏನಿಲ್ಲ ಅವ್ವ. ನಾಯಿ ಸತ್ತೋಯ್ತು."

"ಅಯ್ಯೋ ಸಿವನೆ. ಏನಾಗಿತ್ತು?"

"ಹೊಳೇಲಿ ಕೊಚ್ಕೊಂಡೋಯ್ತು."

"ನಿಮ್ಮೂರ್ ಕಡೆ ಅಂಗ್ ಮಳೇನಾ?"

ಇಷ್ಟು ಹೊತ್ತಿಗೆ ನಿಜ ಹೇಳುವ ಧೈರ್ಯ ಹೋಗಿತ್ತು. ತೊಡೆಯ ಮೇಲಿದ್ದ 'ಮಲೆಗಳಲ್ಲಿ ಮದುಮಗಳು' ಮುಚ್ಚಿಟ್ಟು ಸುಮ್ಮನೆ ತಲೆಯಾಡಿಸಿದೆ. ಅವರು ಚನ್ನಪಟ್ಟಣ ಬರುವವರೆಗೆ ತಮ್ಮ ಕರಿಯನ ಕತೆ ಹೇಳಿದರು. ಅದೂ ವಿ.ಸಿ. ನಾಲೆಯಲ್ಲಿ ಹೋಗಿದ್ದಂತೆ. "ಮೂರ್ ದಿನ ಉಣ್ನಿಲ್ಲ ನಮ್ಮೆಜಮಾನ್ರು" ಅಂದರು.

ಈ ಎರಡು ತಿಂಗಳಲ್ಲಿ ರೈಲಿನಲ್ಲೇ ನಾಲ್ಕು ಕಾದಂಬರಿ ಮುಗಿಸಿದ್ದೇನೆ. ಎಲ್ಲವೂ ಹಳೆಯವೇ, ಮೂರಂತೂ ಮರು ಓದು. "ಈ ವರ್ಷ ನೂರು ಪುಸ್ತಕ" ಎಂದು ಹಾಕಿಕೊಳ್ಳುವವರ ಸಾಲಿಗೆ ನಾನು ಸೇರುವುದಿಲ್ಲ. ನೂರು ಓದಿದವರನ್ನು ಒಂದರ ಬಗ್ಗೆ ಕೇಳಿದರೆ ಮುಖಪುಟ ಚೆನ್ನಾಗಿತ್ತು ಅನ್ನುತ್ತಾರೆ. ಇರಲಿ. ಬೇಕಂತ ಆರಿಸಿದ್ದಲ್ಲ, ಆದರೆ ನಾಲ್ಕೂ ಮುಗಿದ ಮೇಲೆ ತಲೆಯಲ್ಲಿ ಉಳಿದದ್ದು ಮೂರು ನಾಯಿ, ಒಂದು ಜೋಡಿ ಎತ್ತು, ಲೆಕ್ಕವಿಲ್ಲದಷ್ಟು ಇರುವೆ. (ಓದದೇ ಇರುವವರು ಇಲ್ಲೇ ನಿಲ್ಲಿಸಿ. ಕೊನೆಗಳನ್ನೆಲ್ಲ ಹೇಳಿಬಿಡುತ್ತೇನೆ.)

ಕುವೆಂಪು 1967ರಲ್ಲಿ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಬಾಗಿಲಲ್ಲೇ ಬರೆದಿಟ್ಟಿದ್ದಾರೆ: "ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ, ಯಾವುದೂ ಯಃಕಶ್ಚಿತವಲ್ಲ!" ಭಾಷಣಗಳಲ್ಲಿ, ಸ್ಟೇಟಸ್‌ಗಳಲ್ಲಿ ಈ ಸಾಲು ಎಷ್ಟು ಸವೆದಿದೆಯೆಂದರೆ ಮೊದಲ ಓದಿನಲ್ಲಿ ನಾನು ಅದನ್ನು ಗೇಟಿಗೆ ಕಟ್ಟಿದ ಮಾವಿನ ತೋರಣದಂತೆ ನೋಡಿಕೊಂಡು ಒಳಗೆ ಹೋಗಿದ್ದೆ. ಆಗ ಕಾಲೇಜು. ಮುಕುಂದಯ್ಯ, ಚಿನ್ನಮ್ಮ ಏನಾದರು ಅನ್ನುವುದಷ್ಟೇ ಬೇಕಿತ್ತು. ಈ ಸಲ ಗಮನಿಸಿದೆ: ವಿವೇಕಾನಂದರು ಚಿಕಾಗೋದಲ್ಲಿ ಮಾತಾಡಿದ ಕಾಲದ, 1893ರ ಸುಮಾರಿನ ಆ ಮಲೆನಾಡಿನ ಕತೆ ಶುರುವಾಗುವುದು ಯಾವ ಗೌಡರ ಜಗಲಿಯಿಂದಲೂ ಅಲ್ಲ. ಕಾಡಿನಲ್ಲಿ ನಡೆದು ಬರುವ ಗುತ್ತಿ ಮತ್ತು ಅವನ ನಾಯಿ ಹುಲಿಯನಿಂದ. ಗುತ್ತಿಗೆ 'ನಾಯಿಗುತ್ತಿ' ಎಂಬ ಹೆಸರೇ ಆ ನಾಯಿಯ ದೆಸೆಯಿಂದ ಬಂದದ್ದು. ಮನುಷ್ಯನಿಗೆ ನಾಯಿಯ ಹೆಸರು, ನಾಯಿಗೆ ಹುಲಿಯ ಹೆಸರು. ಊರಿನವರು ಗೇಲಿಗೆ ಇಟ್ಟದ್ದನ್ನು ಕಾದಂಬರಿ ಬಿರುದಿನ ಹಾಗೆ ಹೊತ್ತು ತಿರುಗುತ್ತದೆ.

ನೂರಾರು ಪುಟ, ಹತ್ತಾರು ಮನೆತನ. ಯಾರಿಗೆ ಯಾರು ಅಳಿಯ ಎಂದು ನಾನು ಬುಕ್‌ಮಾರ್ಕಿಗೆ ಇಟ್ಟುಕೊಂಡಿದ್ದ ರೈಲಿನ ಟಿಕೆಟ್ಟಿನ ಹಿಂಭಾಗದಲ್ಲಿ ಬರೆದುಕೊಂಡಿದ್ದೆ, ಆದರೂ ನಡುವೆ ಎರಡು ಸಲ ತಪ್ಪಿತು. ಹುಲಿಯ ಮಾತ್ರ ತಪ್ಪಲಿಲ್ಲ. ಗುತ್ತಿ ತಿಮ್ಮಿಯನ್ನು ಹಾರಿಸಿಕೊಂಡು ಓಡುತ್ತಾನೆ, ಬೆನ್ನಿಗೆ ಹುಲಿಯ. ಕೊನೆಗೆ ತುಂಗೆ ಉಕ್ಕಿ ಹರಿಯುವಾಗ ಗುತ್ತಿಗೆ ತಿಮ್ಮಿ ಉಳಿಯುತ್ತಾಳೆ, ಹುಲಿಯ ಉಳಿಯುವುದಿಲ್ಲ. ಮದುವೆಗಳೆಲ್ಲ ಕೂಡಿಬರುವ ಹೊತ್ತಿನಲ್ಲಿ ಇಷ್ಟು ದೊಡ್ಡ ಸಾವನ್ನು ಒಂದು ನಾಯಿಗೆ ಕೊಟ್ಟ ಲೇಖಕರು ಬಾಗಿಲ ಮೇಲಿನ ಸಾಲನ್ನು ಬಾಯಿಮಾತಿಗೆ ಬರೆದಿರಲಿಲ್ಲ. ನನ್ನ ಕನ್ನಡಕ ಒದ್ದೆಯಾದದ್ದು ಅಲ್ಲಿ.

ಆ ವಾರ ಬೇರೆ ಪುಸ್ತಕ ಹಿಡಿಯಲಾಗಲಿಲ್ಲ. ಆಮೇಲೆ ತೆಳ್ಳಗಿದೆ ಅನ್ನುವ ಒಂದೇ ಕಾರಣಕ್ಕೆ 'ಚೋಮನ ದುಡಿ' ಎತ್ತಿಕೊಂಡೆ. ತೆಳ್ಳಗಿನ ಪುಸ್ತಕ ಹಗುರ ಅಂದುಕೊಂಡದ್ದು ನನ್ನ ತಪ್ಪು.

ಶಿವರಾಮ ಕಾರಂತರು 1933ರಲ್ಲಿ ಪ್ರಕಟಿಸಿದ್ದು. ಚೋಮನಿಗೂ ಒಂದು ನಾಯಿಯಿದೆ, ಬಾಡು ಅಂತ. ಹೊಟ್ಟೆಗೆ ಗಂಜಿ ಸಾಲದ ಗುಡಿಸಲಿನಲ್ಲಿ ನಾಯಿಯ ಹೆಸರು ಬಾಡು! ನಮ್ಮ ಮಂಡ್ಯದ ಕಡೆ ಮಾಂಸದೂಟಕ್ಕೆ ಬಾಡೂಟ ಅನ್ನುವ ನನ್ನಂಥವನಿಗೆ ಆ ಹೆಸರು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನೀರಲ್ಲಿ ಮುಳುಗುತ್ತಿರುವ ಅವನ ಮಗ ನೀಲನನ್ನು ದಡದಲ್ಲಿ ಜನ ಇದ್ದೂ ಮುಟ್ಟಿ ಎತ್ತದ ಊರು ಅದು. ಅಂಥ ಊರಲ್ಲಿ ಈ ಮನೆಯವರನ್ನು ಹಿಂದೆಮುಂದೆ ನೋಡದೆ ಮೈಗೆ ಮೈ ತಾಗಿಸಿ ಮಲಗುವುದು ಬಾಡು ಒಂದೇ.

ಆದರೆ ನನ್ನನ್ನು ಕಾಡಿದ್ದು ನಾಯಿಗಿಂತ ಎತ್ತು. ಬೇಸಾಯ ಮಾಡಬೇಕು, ತುಂಡು ಭೂಮಿ ಬೇಕು ಎನ್ನುವ ಒಂದೇ ಆಸೆ ಚೋಮನಿಗೆ. ಕಾಡಲ್ಲಿ ಸಿಕ್ಕಿದ ಎರಡು ಎತ್ತು ಅವನ ಹತ್ತಿರವಿವೆ. ನೇಗಿಲೂ ಇದೆ. ಇಲ್ಲದ್ದು ಹೊಲ, ಮತ್ತು ಹೊಲೆಯನೊಬ್ಬ ಹೊಲದೊಡೆಯನಾಗಲು ಬೇಕಾದ ಅಪ್ಪಣೆ. ಹಾಗಾಗಿ ಉಳುವ ವಯಸ್ಸಿನ ಎತ್ತುಗಳು ಹುಲ್ಲು ತಿಂದುಕೊಂಡು ಸುಮ್ಮನೆ ನಿಂತಿರುತ್ತವೆ. ನಮ್ಮ ತಾತನಿಗೆ ಎತ್ತು ಇತ್ತು. ಕೆಲಸವಿಲ್ಲದ ಎತ್ತು ಸಾಕುವುದೆಂದರೆ ಏನು ಎಂದು ನನಗೆ ಗೊತ್ತು. ಬೇಸಾಯ ಬಿಟ್ಟ ವರ್ಷ ಕೊಟ್ಟಿಗೆಯಲ್ಲಿ ಆ ಜೋಡಿ ಗೊಂತಿನ ಮುಂದೆ ಕಾಲು ಬದಲಿಸುತ್ತ ನಿಂತಿರುತ್ತಿತ್ತು, ತಾತ ಅತ್ತ ಕಡೆ ಹೋಗುವುದನ್ನೇ ಬಿಟ್ಟಿದ್ದರು. ಚೋಮ ಮಾತ್ರ ದಿನಾ ಅವುಗಳ ಮುಖ ನೋಡಬೇಕು. ಸಾಲ ತೀರಿಸಲು ಘಟ್ಟದ ಕಾಫಿ ತೋಟಕ್ಕೆ ಮಕ್ಕಳನ್ನು ಕಳಿಸುತ್ತಾನೆ, ಎತ್ತು ಕೊಡುವುದಿಲ್ಲ. ಇದೆಂಥ ಅಪ್ಪ ಎಂದು ಸಿಟ್ಟು ಬಂತು. ಎರಡು ಸ್ಟೇಷನ್ ಕಳೆದ ಮೇಲೆ ಸಿಟ್ಟು ಯಾರ ಮೇಲೆ ಬರಬೇಕಿತ್ತು ಎಂದು ತಿಳಿಯಿತು. ಎತ್ತು ಮಾರಿದರೆ ಅವನ ಹತ್ತಿರ ಆಸೆಗೆ ಅಂತ ಒಂದು ಸಾಕ್ಷಿಯೂ ಉಳಿಯುವುದಿಲ್ಲವಲ್ಲ. ಕೊನೆಗೆ ಅವುಗಳನ್ನು ಅಟ್ಟಿಬಿಡುತ್ತಾನೆ, ನೇಗಿಲು ಮುರಿಯುತ್ತಾನೆ, ದುಡಿ ಬಾರಿಸುತ್ತ ಸಾಯುತ್ತಾನೆ. ಬಿ.ವಿ. ಕಾರಂತರ 1975ರ ಸಿನಿಮಾ ನೋಡಿದ್ದವನಾದ್ದರಿಂದ ಓದುವಾಗೆಲ್ಲ ಕಿವಿಯಲ್ಲಿ ದುಡಿಯ ಸದ್ದು ಕೇಳುತ್ತಲೇ ಇತ್ತು. ಅದೊಂದು ತೊಂದರೆ.

ಇನ್ನು ಇರುವೆ. ವಿವೇಕ ಶಾನಭಾಗರ 'ಘಾಚರ್ ಘೋಚರ್' (2013) ನಾನು ಓದದೇ ಉಳಿಸಿಕೊಂಡಿದ್ದ ಪುಸ್ತಕ. ಎಲ್ಲರೂ ಹೊಗಳುವ ಪುಸ್ತಕದ ಮೇಲೆ ನನಗೊಂದು ಹಟ. ಎರಡೇ ದಿನದ ಪ್ರಯಾಣದಲ್ಲಿ ಮುಗಿಯಿತು. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರ್ ದುಡ್ಡು ಕಂಡ ಬೆಂಗಳೂರಿನ ಕುಟುಂಬದ ಕತೆ. ದುಡ್ಡು ಬರುವ ಮುಂಚೆ ಅವರಿದ್ದದ್ದು ರೈಲಿನ ಬೋಗಿಗಳ ಹಾಗೆ ಒಂದರ ಹಿಂದೊಂದು ಕೋಣೆಗಳಿದ್ದ ಬಾಡಿಗೆ ಮನೆ. ಓದುತ್ತ ತಲೆಯೆತ್ತಿದರೆ ನಾನೂ ಅಲ್ಲೇ ಕೂತಿದ್ದೆ. ಆ ಮನೆಗೆ ಇರುವೆ ಮುತ್ತಿಗೆ ಹಾಕುತ್ತವೆ. ಅಮ್ಮ, ಮಗಳು ಅವುಗಳನ್ನು ಹೊಸಕುವುದರಲ್ಲಿ ಮೊದಲು ಬೇಸರ, ಆಮೇಲೆ ಅಭ್ಯಾಸ, ಆಮೇಲೆ ಒಂದು ಬಗೆಯ ಖುಷಿ. ಓದುವಾಗ ನಾನೂ ನಗುತ್ತಿದ್ದೆ. ಪುಸ್ತಕ ಮುಗಿದ ಮೇಲೆ, ಮನೆಗೆ ಹೊಂದದ ಸೊಸೆ ಅನಿತಾಳ ಗತಿ ಏನಾಗಿರಬಹುದು ಎಂದು ಯೋಚಿಸುತ್ತ ಕೂತಾಗ, ನಗುವಿಗೆ ಬೆಲೆ ಕಟ್ಟಬೇಕಾಯಿತು. ಯಾರೂ ಯಾರನ್ನೂ ಕೊಂದೆವು ಎಂದು ಹೇಳುವುದಿಲ್ಲ. ಆದರೆ ಕೈಗೆ ಅಭ್ಯಾಸ ಎಲ್ಲಿ ಆಯಿತು ಎಂದು ನಮಗೆ ಮೊದಲೇ ತೋರಿಸಿದ್ದರು.

ಕುವೆಂಪು ನಾಯಿಯ ಸಾವನ್ನು ನದಿಯಷ್ಟು ದೊಡ್ಡದು ಮಾಡಿದರು, ಶಾನಭಾಗರು ಇರುವೆಯ ಸಾವನ್ನು ಇರುವೆಯಷ್ಟೇ ಇಟ್ಟರು. ಎರಡನೆಯದು ಹೆಚ್ಚು ಕಷ್ಟ ಎಂದು ನನ್ನ ಅನಿಸಿಕೆ. ಯಾರಾದರೂ ಜಗಳಕ್ಕೆ ಬರುವುದಾದರೆ ಬನ್ನಿ, ಆದರೆ ಎರಡೂ ಓದಿಕೊಂಡು ಬನ್ನಿ.

ಸಕ್ಕರೆ ನಾಡಿನವರಿಗೆ ಇರುವೆ ಹೊಸದಲ್ಲ. ಆ ಸಂಜೆ ನನ್ನಾಕೆ ಅಡುಗೆಮನೆ ಕಟ್ಟೆಗೆ ಇರುವೆ ಸೀಮೆಸುಣ್ಣ ಎಳೆಯಲು ಹೇಳಿದಳು. ಬಾಗಿ ಕೂತವನು ಕೈಯಲ್ಲಿ ಸೀಮೆಸುಣ್ಣ ಹಿಡಿದು ಹಾಗೇ ಇದ್ದೆ. "ಏನ್ರೀ, ಕಾದಂಬರೀನಾ?" ಅಂದಳು. ಗೆರೆ ಎಳೆದೆ. ಎಳೆಯದಿದ್ದರೆ ಬೆಲ್ಲದ ಡಬ್ಬಿ ಉಳಿಯುತ್ತಿರಲಿಲ್ಲ.

ಮನಸ್ಸು ಹಗುರಾಗಲಿ ಎಂದು ಕೊನೆಗೆ ತೇಜಸ್ವಿ. 'ಕರ್ವಾಲೋ' (1980) ಎಷ್ಟನೇ ಸಲವೋ. ಅಪ್ಪನ ಕಾದಂಬರಿಯ ಹುಲಿಯ ಮಹಾಕಾವ್ಯದ ನಾಯಿಯಾದರೆ, ಮಗನ ಕಾದಂಬರಿಯ ಕಿವಿ ಮನೆನಾಯಿ. ಮೂಡಿಗೆರೆಯ ತೋಟ, ಪ್ಯಾರ, ಜೇನು ಹಿಡಿಯುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ಇವರ ನಡುವೆ ಕಿವಿಯೂ ಒಬ್ಬ. ಹೆಂಗಸರು ಮಾತ್ರ ಲೆಕ್ಕಕ್ಕೇ ಇಲ್ಲ, ಈ ಸಲ ಅದು ಚುಚ್ಚಿತು. ನಾಯಿಗೆ ಸಿಕ್ಕಿದಷ್ಟು ಜಾಗ ಒಬ್ಬ ಹೆಂಗಸಿಗೂ ಸಿಕ್ಕಿಲ್ಲ. ಇಷ್ಟಾದರೂ ಕೊನೆಗೆ ಎಲ್ಲರೂ ಹುಡುಕಿಕೊಂಡು ಹೋದ ಹಾರುವ ಓತಿ ಕಣಿವೆಗೆ ತೇಲಿ ಹೋಗುವಾಗ ಬೈಯಲು ಮನಸ್ಸು ಬರುವುದಿಲ್ಲ. ಹಾರುವ ಓತಿ ಮಲೆನಾಡಿನ ಅಡಿಕೆ ತೋಟಗಳಲ್ಲಿ ಇವತ್ತಿಗೂ ಇದೆ. ಶಿರಸಿ ಹತ್ತಿರ ನೆಂಟರ ತೋಟದಲ್ಲಿ ನಾನೇ ನೋಡಿದ್ದೇನೆ. ತೊಗಟೆಯ ಬಣ್ಣದ್ದು, ಮರಕ್ಕೆ ಅಂಟಿಕೊಂಡಿತ್ತು, ಪಕ್ಕೆಯ ಚರ್ಮ ಬಿಚ್ಚಿ ಮುಂದಿನ ಮರಕ್ಕೆ ಜಾರಿತು. ನೆಂಟರು ಅದನ್ನು ನೋಡಲೂ ಇಲ್ಲ, ಅಡಿಕೆ ದರ ಹೇಳುತ್ತಿದ್ದರು.

ಕಳೆದ ವಾರ ಅದೇ ಅಜ್ಜಿ ಮತ್ತೆ ಸಿಕ್ಕಿದರು. ಅದೇ ಸೊಪ್ಪಿನ ಮೂಟೆ. ಗುರುತು ಹಿಡಿದು ಪಕ್ಕಕ್ಕೇ ಬಂದು ಕೂತರು.

"ಬ್ಯಾರೆ ನಾಯಿ ತಂದಾ?"

ಕೈಯಲ್ಲಿ 'ಕರ್ವಾಲೋ' ಇತ್ತು.

"ತಂದೆ ಅವ್ವ. ಕಿವಿ ಅಂತ."

"ಕಿವಿ ಅಂತ ಯಾರಾರ ಎಸ್ರು ಇಕ್ಕಾರಾ ನಾಯಿಗೆ?" ಎಂದು ಜೋರಾಗಿ ನಕ್ಕರು. ಆಮೇಲೆ ಮೂಟೆ ಸರಿಮಾಡಿಕೊಳ್ಳುತ್ತ, "ಒಳೆ ತಕ್ಕೆ ಬುಡ್‌ಬ್ಯಾಡ ಇದುನ್ನ" ಅಂದರು.