ಹನಾಫುದ ನಿಂಟೆಂಡೊ ಹುಟ್ಟಿಸಿದ್ದಲ್ಲ

ಜಪಾನಿನ ಹನಾಫುದ ಅನ್ನೋ ಇಸ್ಪೀಟ್ ಎಲೆಗಳನ್ನು ಕಂಡುಹಿಡಿದದ್ದೇ ವಿಡಿಯೊ ಗೇಮ್ ಕಂಪನಿ ನಿಂಟೆಂಡೊ ಅನ್ನೋ ಮಾತು ಓಡಾಡುತ್ತಿದೆ. ಅದು ಅರ್ಧ ಮಾತ್ರ ನಿಜ. 1889ರಲ್ಲಿ ಕ್ಯೋಟೊದಲ್ಲಿ ಫುಸಾಜಿರೊ ಯಾಮಾವುಚಿ ಶುರು ಮಾಡಿದ ಅಂಗಡಿಯೇ ಮುಂದೆ ನಿಂಟೆಂಡೊ ಆದದ್ದು, ಅದು ಹನಾಫುದ ಮಾಡಿ ಮಾರುತ್ತಿತ್ತು, ಸರಿ. ಆದರೆ ಆ ಎಲೆಗಳು ಅದಕ್ಕೂ ಮೊದಲೇ ಇದ್ದವು.

ಇಸ್ಪೀಟಿನ ಗೀಳನ್ನು ಜಪಾನಿಗೆ ತಂದವರು 16ನೇ ಶತಮಾನದ ಪೋರ್ಚುಗೀಸರು. ಅಲ್ಲಿಯವರು ಎಲೆಗೆ ಹೇಳುವ ‘ಕರುತ’ ಕೂಡ ಪೋರ್ಚುಗೀಸರ ‘ಕಾರ್ತ’ದಿಂದಲೇ ಬಂದದ್ದು. ಆಮೇಲೆ ಸರ್ಕಾರ ಜೂಜು ನಿಷೇಧಿಸಿದಂತೆಲ್ಲ ಜನ ಹೊಸ ಚಿತ್ರದ ಎಲೆ ಹುಡುಕಿಕೊಂಡರು. ಜೂಜುಕೋರರು ಸುಮ್ನೆ ಕೂರ್ತಾರಾ?

ಹನಾಫುದದಲ್ಲಿ ಅಂಕಿಗಳೇ ಇಲ್ಲ, ಹೂವು-ಗಿಡಗಳದ್ದೇ ಆಟ. 12 ತಿಂಗಳು, ತಿಂಗಳಿಗೆ 4, ಒಟ್ಟು 48 ಎಲೆ. ಜನವರಿಗೆ ಪೈನ್ ಮರ, ಜೊತೆಗೆ ಕೆಂಪು ನೆತ್ತಿಯ ಕೊಕ್ಕರೆ. ನನಗೆ ಜಾಸ್ತಿ ಇಷ್ಟ ನವೆಂಬರಿನದು: ಮಳೆಯಲ್ಲಿ ಕೊಡೆ ಹಿಡಿದವನೊಬ್ಬ, ಅವನ ಎದುರಿಗೊಂದು ಕಪ್ಪೆ.

ನಿಂಟೆಂಡೊ ಈಗಲೂ ಈ ಎಲೆಗಳನ್ನು ಮಾರುತ್ತದೆ.