ಒಂದು ತೂತಿನ ಲೆಕ್ಕ

ಭಾನುವಾರ ಬೆಳಿಗ್ಗೆ ಎರಡನೇ ಕಾಫಿಗೆ ಕಾಯುತ್ತಾ ಕೂತಿದ್ದೆ. ಐದನೇ ಕ್ಲಾಸಿನ ಮಗ ನವೋದಯ ಶಾಲೆಯ ಪ್ರವೇಶ ಪರೀಕ್ಷೆಯ ಮಾದರಿ ಪತ್ರಿಕೆ ತಂದು ಮುಂದಿಟ್ಟ. ಮಾನಸಿಕ ಸಾಮರ್ಥ್ಯದ 40 ಪ್ರಶ್ನೆಗಳಲ್ಲಿ 17 ತಪ್ಪು. ಒಂದೊಂದಕ್ಕೆ 1.25 ಅಂಕ. ಒಟ್ಟು ಎಷ್ಟು ಹೋಯಿತು ಅಂತ ಬಾಯಲ್ಲೇ ಲೆಕ್ಕ ಹಾಕಲು ಹೋಗಿ ನಾನೇ ಎರಡು ಸಲ ತಪ್ಪಿದೆ. ಪುಣ್ಯಕ್ಕೆ ನನ್ನ ಬಾಯಿಗೆ ಯಾರೂ ಕೆಂಪು ಪೆನ್ನು ಹಿಡಿಯುವುದಿಲ್ಲ.

ಗುಂಪಿಗೆ ಸೇರದ ಚಿತ್ರ ಯಾವುದು ಅನ್ನುವುದಕ್ಕೆ 'ಸಿ' ಅಂತ ತುಂಬಿದ್ದ. ಯಾಕೋ ಅಂದೆ. "ಇದರ ಮೂಲೇಲಿ ಮಸಿ ಅಂಟಿದೆ ನೋಡಪ್ಪಾ, ಬೇರೆ ಮೂರಕ್ಕೂ ಇಲ್ಲ." ಜೆರಾಕ್ಸ್ ಅಂಗಡಿಯ ಮಸಿ! ಮೂರು ಪ್ರಶ್ನೆ ಖಾಲಿ ಬಿಟ್ಟಿದ್ದ. ಗೊತ್ತಿರಲಿಲ್ಲವಂತೆ. ತಪ್ಪಾದರೆ ಅಂಕ ಕಳೆಯುವುದಿಲ್ಲ ಕಣೋ, ಗೊತ್ತಿಲ್ಲದಿದ್ದರೂ ಸುಮ್ನೆ ಯಾವುದಾದರೂ ಒಂದನ್ನು ತುಂಬಿಬಿಡಬೇಕು ಅಂದೆ. ಅವನು ನನ್ನನ್ನು ನೋಡಿದ ರೀತಿ ನನಗೆ ಇಷ್ಟವಾಗಲಿಲ್ಲ.

 

ಕಾಗದವನ್ನು ಎರಡು ಸಲ ಮಡಿಸಿ ಒಂದು ತೂತು ಹೊಡೆದಿದ್ದಾರೆ, ಬಿಚ್ಚಿದರೆ ಹೇಗೆ ಕಾಣುತ್ತದೆ? ಇವನು ಒಂದೇ ತೂತಿರುವ ಚಿತ್ರ ಆರಿಸಿದ್ದ. "ಹೊಡೆದಿದ್ದು ಒಂದೇ ಸಲ ಅಲ್ವಾ?" ನಾನು ವಿವರಿಸುವಷ್ಟರಲ್ಲಿ ಒಳಗಿನಿಂದ ಅಮ್ಮ, "ನಾಲ್ಕು" ಅಂದರು. ಪತ್ರಿಕೆ ನೋಡೇ ಇರಲಿಲ್ಲ.

ನಮ್ಮ ಹಳೇ ಮನೆಯ ಅಡುಗೆಮನೆಯಲ್ಲಿ ಗೋಡೆಗೇ ಕಟ್ಟಿದ ಶೆಲ್ಫುಗಳಿದ್ದವು. ಹಬ್ಬ ಬಂತೆಂದರೆ ಡಬ್ಬಗಳನ್ನೆಲ್ಲ ಇಳಿಸಿ ಹೊಸ ಪೇಪರ್ ಹಾಸಬೇಕು. ಸುಮ್ನೆ ಹಾಸಿದರೆ ಆಗಲಿಲ್ಲ, ಅಂಚು ನಾಲ್ಕು ಬೆರಳು ಕೆಳಗೆ ಜೋಲಬೇಕು, ಆ ಜೋಲುವ ಅಂಚಿನಲ್ಲಿ ಹೂವು, ವಜ್ರ, ಅರ್ಧಚಂದ್ರ ಕತ್ತರಿಸಿರಬೇಕು. ಅಮ್ಮ ದಿನಪತ್ರಿಕೆಯನ್ನು ಮಡಿಸಿ, ಮತ್ತೆ ಮಡಿಸಿ, ಮತ್ತೂ ಮಡಿಸಿ, ಮೂಲೆಯಲ್ಲಿ ಎರಡು ಕಡೆ ಕಚಕ್ ಅನ್ನಿಸಿ ಬಿಚ್ಚಿದರೆ ಮೊಳದುದ್ದದ ಬಳ್ಳಿ. ಅಪ್ಪ ಇನ್ನೂ ಓದದ ಪುಟವನ್ನೇ ಕತ್ತರಿಸಿ ಒಂದು ಯುಗಾದಿಗೆ ದೊಡ್ಡ ಜಗಳವಾಗಿತ್ತು. ಅವರು ಬಗ್ಗಿ, ಮೆಣಸಿನಪುಡಿ ಡಬ್ಬ ಸರಿಸಿ, ವಜ್ರಗಳ ನಡುವೆ ಸಂಪಾದಕೀಯ ಓದಿ ಮುಗಿಸಿದರು. ಕೊನೆಯ ಸಾಲು ಅರ್ಧಚಂದ್ರದಲ್ಲಿ ಹೋಗಿತ್ತು. ಆಮೇಲೆ ಬಂದ ಹೂವಿನ ಪ್ಲಾಸ್ಟಿಕ್ ಹಾಳೆಯನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಎಣ್ಣೆ ಜಿಡ್ಡು, ಕೆಳಗೆ ಜಿರಳೆ, ಥೂ.

ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಅಮ್ಮನನ್ನು ಇಷ್ಟು ಹೊಗಳಿದೆನಲ್ಲ, ಕನ್ನಡಿ ಬಿಂಬದ ಪ್ರಶ್ನೆ ಕೊಟ್ಟರೆ ನಾಲ್ಕಕ್ಕೆ ನಾಲ್ಕೂ ತಪ್ಪು. ಪ್ರಶ್ನೆಯೇ ಸರಿ ಇಲ್ಲ ಅಂದರು.

1905ರಲ್ಲಿ ಪ್ಯಾರಿಸ್ಸಿನಲ್ಲಿ ಬಿನೆ ಮತ್ತು ಸಿಮೊನ್ ಎಂಬ ಮನಶ್ಶಾಸ್ತ್ರಜ್ಞರು ಮಕ್ಕಳ ಬುದ್ಧಿ ಅಳೆಯುವ ಪ್ರಶ್ನೆಗಳನ್ನು ಮಾಡಿದ್ದು, ಯಾವ ಮಗುವಿಗೆ ಜಾಸ್ತಿ ಹೇಳಿಕೊಡಬೇಕು ಅಂತ ತಿಳಿಯಲಿಕ್ಕೆ. ಈಗ ಒಂದು ಶಾಲೆಯ 80 ಸೀಟಿಗೆ ಯಾರನ್ನು ಕೈಬಿಡಬೇಕು ಅಂತ ತಿಳಿಯಲಿಕ್ಕೆ. ಇದರ ಜೊತೆಗೆ ಎದುರುಮನೆಯವರು ಬೇರೆ, "ಎಷ್ಟು ಬಂತು ಮಗನಿಗೆ?" ಅಂತ ಗೇಟಿಗೆ ಬಂದು ನಿಲ್ಲುತ್ತಾರೆ. ನಿಮ್ಮ ಶುಗರ್ ಎಷ್ಟು ಬಂತು ಅಂತ ನಾನು ಕೇಳಿದ್ದೇನೆಯೇ?

ನಾಲ್ಕು ತೂತು ಅಂದರೆ ಮಗ ಮಾತ್ರ ನಂಬಲಿಲ್ಲ, ಮಾಡಿ ತೋರಿಸು ಅಂದ. ಕೈಗೆ ಸಿಕ್ಕ ಕಾಗದವನ್ನು ಎರಡು ಸಲ ಮಡಿಸಿದೆ. ಪಂಚಿಂಗ್ ಮೆಷಿನ್ ಮನೆಯಲ್ಲಿ ಎಲ್ಲಿರುತ್ತೆ? ದೇವರ ಮುಂದಿನ ಊದುಬತ್ತಿ ತಂದು ಒತ್ತಿದೆ. ಬಿಚ್ಚಿದರೆ ನಾಲ್ಕು ತೂತು ಹೌದು, ಒಂದೊಂದರ ಸುತ್ತಲೂ ದುಂಡಗೆ ಕಪ್ಪು, ಥೇಟ್ ಓಎಂಆರ್ ಉತ್ತರ ಹಾಳೆಯಲ್ಲಿ ತುಂಬಿದ ವೃತ್ತಗಳ ಹಾಗೆ. ಆಗ ಗೊತ್ತಾಯಿತು, ಅದು ಈ ತಿಂಗಳ ಕರೆಂಟ್ ಬಿಲ್. ಬಿಸಿ ತಾಗಿದರೆ ಕಪ್ಪಾಗುವ ಕಾಗದ.

ಕಾಫಿ ತಂದ ಹೆಂಡತಿ, "ಬಿಲ್ ಎಷ್ಟು ಬಂದಿದೆ?" ಅಂದಳು. ಮಗ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದ.

"ಆಪ್ಷನ್ ಕೊಡಮ್ಮಾ."