ಮೆಶ್ ಹಾಕಿಸಿಕೊಂಡರೆ ದಾಂಪತ್ಯ ಮುಗಿಯಿತು ಅನ್ನುವ ಮೆಸೇಜ್: ಸ್ಪಷ್ಟನೆ

"ಗರ್ಭಕೋಶ ಜಾರಿದ್ದಕ್ಕೆ ಮೆಶ್ ಹಾಕಿಸಿಕೊಂಡವರು ಮತ್ತೆ ಗಂಡನ ಜೊತೆ ಸೇರುವಂತಿಲ್ಲ. ಅಮೆರಿಕ ಎಲ್ಲಾ ಮೆಶ್ ನಿಷೇಧಿಸಿದೆ. ತಕ್ಷಣ ತೆಗೆಸಿ" ಅನ್ನುವ ಮೆಸೇಜ್ ಓಡಾಡುತ್ತಿದೆ. ಮೆಶ್ ಅಂದರೆ ಜಾರಿದ ಅಂಗಕ್ಕೆ ಆಸರೆಯಾಗಿ ದೇಹದೊಳಗೆ ಹಾಕುವ ಜಾಲರಿ. ಮೂರೂ ಮಾತು ತಪ್ಪು.

2019ರ ಏಪ್ರಿಲ್‌ನಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾರಾಟ ನಿಲ್ಲಿಸಿದ್ದು ಅಂಗ ಜಾರಿದ್ದಕ್ಕೆ ಯೋನಿಯ ಮೂಲಕ ಹಾಕುವ ಮೆಶ್ ಮಾತ್ರ. ಕೆಮ್ಮಿದಾಗ ಮೂತ್ರ ಸೋರುವುದಕ್ಕೆ ಹಾಕುವ ಸ್ಲಿಂಗ್ (ಪಟ್ಟಿಯಂಥ ಮೆಶ್), ಹೊಟ್ಟೆಯ ಕಡೆಯಿಂದ ಹಾಕುವ ಮೆಶ್ ಆ ಆದೇಶದಲ್ಲಿ ಇಲ್ಲ. ಈಗಾಗಲೇ ಹಾಕಿಸಿಕೊಂಡು ಆರಾಮಾಗಿರುವವರು ಮಾಮೂಲಿ ತಪಾಸಣೆ ಮುಂದುವರಿಸಿದರೆ ಸಾಕು ಅಂತಲೂ ಅದೇ ಎಫ್‌ಡಿಎ ಹೇಳಿದೆ.

ಹಾಗಂತ ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಪಾಲಿಪ್ರೊಪಿಲೀನ್ ಅನ್ನುವ ಪ್ಲಾಸ್ಟಿಕ್ ಜಾಲರಿಯ ಅಂಚು ಕೆಲವರಲ್ಲಿ ಯೋನಿಯ ಗೋಡೆ ದಾಟಿ ಹೊರಗೆ ಇಣುಕುತ್ತದೆ. ಆಗ ಸೇರುವಾಗ ಹೆಂಗಸಿಗೆ ನೋವು, ಆಮೇಲೆ ರಕ್ತದ ಕಲೆ. ಗಂಡನಿಗೂ ಒರಟು ಬ್ರಷ್ ತಾಗಿದ ಹಾಗೆ ಚುಚ್ಚುತ್ತದೆ, ಕೆಲವೊಮ್ಮೆ ಚರ್ಮ ಗೀರುತ್ತದೆ. ಇನ್ನು ಕೆಲವರಲ್ಲಿ ಮೆಶ್ ಬಿಗಿದುಕೊಂಡು ನೋವು ಕೊಡುತ್ತದೆ. ಇದನ್ನು ಡಾಕ್ಟರ್ ಹತ್ತಿರ ಹೇಳಲು ಇಬ್ಬರಿಗೂ ಸಂಕೋಚ, ಅಲ್ವಾ? ಆದರೆ ಗಂಡನಿಗೆ ಚುಚ್ಚುತ್ತಿದೆ ಅನ್ನುವುದೇ ಡಾಕ್ಟರ್‌ಗೆ ಒಳ್ಳೆಯ ಸುಳಿವು.

ಸಣ್ಣದಾಗಿ ಹೊರಬಂದಿದ್ದರೆ ಈಸ್ಟ್ರೊಜನ್ ಕ್ರೀಮ್ ಅಥವಾ ಆ ತುದಿ ಕತ್ತರಿಸುವುದು ಎಷ್ಟೋ ಸಲ ಸಾಕಾಗುತ್ತದೆ. ಪೂರ್ತಿ ತೆಗೆಸುವುದು ಸುಲಭದ ಕೆಲಸವಲ್ಲ. ಮಾಂಸ ಅದರೊಳಗೆ ಬೆಳೆದಿರುತ್ತದೆ, ಮೂತ್ರಕೋಶಕ್ಕೆ ಪೆಟ್ಟಾಗಬಹುದು, ತೆಗೆದ ಮೇಲೂ ನೋವು ಉಳಿಯಬಹುದು. ಸುಮ್ನೆ ಭಯಬಿದ್ದು ಮಾಡಿಸುವಂಥದ್ದಲ್ಲ.

ಮೆಶ್ ಇಲ್ಲದ ಹೊಲಿಗೆ ಆಪರೇಷನ್ ಆದಮೇಲೂ ಕೆಲವರಿಗೆ ನೋವು ಬರುತ್ತದೆ. ಜಾರಿದ್ದು ಸರಿಹೋಗಿ ಮೊದಲಿಗಿಂತ ಆರಾಮಾದವರೂ ಇದ್ದಾರೆ.

ಈ ಮೆಸೇಜ್ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ. ನೋವು, ರಕ್ತ, ವಾಸನೆಯ ಸ್ರಾವ ಇದ್ದರೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ, ಆಪರೇಷನ್ ಕಾಗದ ಜೊತೆಗಿರಲಿ. ಯಾವ ಮೆಶ್ ಅನ್ನುವುದು ಅದರಲ್ಲೇ ಇರುತ್ತದೆ.